ಎಡಗೈಯ ಹೂವು

ಅಕ್ಕಾ,

ಅಮ್ಮನಿಗೀಗ ಕಣ್ಣು ಮಂಜು. ನಮ್ಮ ಹಳೆಯ ಆಲ್ಬಮ್ಮನ್ನು ಬೆರಳಲ್ಲೇ ನೋಡುತ್ತಾಳೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಫೋಟೊಗಳ ಸುತ್ತ ಪದರ ಪದರವಾಗಿ ಅಂಟಿಸಿದ ಕಾಗದದ ಹೂಗಳನ್ನು ಸವರಿ, ಯಾವುದು ಯಾರದೆಂದು ಹೇಳಿಬಿಡುತ್ತಾಳೆ. ಎಡಗೈಯಲ್ಲಿ ಕತ್ತರಿಸುತ್ತಿದ್ದ ನಿನ್ನ ಎಸಳುಗಳು ಇಂದಿಗೂ ಎಡಕ್ಕೇ ಸುರುಳಿ.

ಉದುರಿಹೋದ ನಿನ್ನ ಹೂವೊಂದರ ಜಾಗಕ್ಕೆ ನಾನೂ ಎಡಗೈಯಲ್ಲೇ ಕತ್ತರಿಸಿ ಹೊಸದೊಂದನ್ನು ಅಂಟಿಸಿದೆ. ಅಮ್ಮ ಮುಟ್ಟಿ ನಕ್ಕಳು.

"ಇದು ನಿಂದೇ ಕಣೇ. ಅವಳು ಹೀಗೆ ಅಂಚಿಗೆಲ್ಲ ಮೆತ್ತಲ್ಲ, ನಡುವೆ ಒಂದು ಚುಕ್ಕೆ ಗೋಂದು ಇಟ್ಟು ಬಿಡ್ತಾಳೆ. ಅವಳ ಸಿಟ್ಟು ಇನ್ನೂ ಇಳಿದಿಲ್ವಾ?"

ನಾನು ಗೋಂದಿನ ಡಬ್ಬಿಯ ಮುಚ್ಚಳ ಹುಡುಕತೊಡಗಿದೆ.

ಆ ಹೂವನ್ನು ಕಿತ್ತು ಜಾಗ ಖಾಲಿ ಬಿಟ್ಟಿದ್ದೇನೆ. ಗುಲಾಬಿ ಬಣ್ಣದ ಕಾಗದ ಇಲ್ಲೇ ಇದೆ. ನಿನ್ನ ಕತ್ತರಿ ಮಾತ್ರ ಬೇಕು. ಅಂಚೆಯಲ್ಲಿ ಕಳಿಸಬೇಡ, ನೀನೇ ತಗೊಂಡು ಬಾ.

ನೀನೇ ಹೆಸರಿಟ್ಟ,
ಗೋಂದಮ್ಮ