ಗೋಡೆಯ ಮೇಲಿನ ಸರದಾರ

ಅಪ್ಪಾ,

ಮಿಷನ್ ದವಾಖಾನೆಯ ಮೇಮಸಾಬರು ತಮ್ಮ ದೇಶಕ್ಕೆ ಹೋಗುವಾಗ ನಿನಗೆ ಕೊಟ್ಟ ಹಳೆಯ ಚಿತ್ರವನ್ನು ಇವತ್ತು ಪಡಸಾಲೆಯ ಗೋಡೆಗೆ ತೂಗುಹಾಕಿದೆ. ಅಚ್ಚು ಹಾಕಿ ಕೈಯಿಂದ ಬಣ್ಣ ತುಂಬಿದ ಆ ಸರದಾರನ ನಿಲುವಂಗಿ ಇನ್ನೂ ಕೆಂಪಗೇ ಇದೆ. ಪಾಟೀಲರು ನೋಡಿಯಾರೆಂದು ಹೆದರಿ, ಬದುಕಿರುವ ತನಕ ನೀನು ಅದನ್ನು ಸಂದೂಕದಲ್ಲೇ ಇಟ್ಟೆ.

ಪಾಟೀಲರು ನೋಡಿದರು. ಈ ಬರದಲ್ಲಿ ಡಾಬಕಾ ಊರಿನ ಕೆರೆ ಕೆಲಸಕ್ಕೆ ಆಳುಗಳನ್ನು ಆರಿಸುವವರು ಅವರೇ. ಬಾಗಿಲಲ್ಲೇ ನಿಂತು ಕೇಳಿದರು:

"ಮಾರ್ಥಾ, ಯಾರಂವ?"

"ಹಿಂದಿನ ಕಾಲದ ವಿಲಾಯತಿ ಸರದಾರರ‍್ರಿ."

"ನಿಮ್ಮಂಥೋರ ಮನ್ಯಾಗ ಸರದಾರ ಯಾಕ ಬೇಕು? ಇಳಸು. ಇಲ್ಲಂದ್ರ ನಾಳಿಗಿ ಕೆಲಸಕ್ಕ ಬರಬ್ಯಾಡ."

"ಇಳಸಂಗಿಲ್ರಿ. ಗ್ವಾಡಿ ನಮ್ದು. ಒಳಗ ಬಂದು ಕುಂದರ‍್ರಿ, ಚಾ ಮಾಡ್ತೇನಿ."

ಅವರು ಕೂರಲಿಲ್ಲ, ಸಿಟ್ಟಿನಿಂದ ಹೊರಟುಹೋದರು. ನಾಳೆ ಅವ್ವನನ್ನು ಕರೆದುಕೊಂಡು ಭಾಲ್ಕಿಗೆ ಹೋಗಿ, ಪುಣೆಯ ಕಡೆಗೆ ರೈಲು ಹತ್ತುತ್ತೇನೆ. ಕಲ್ಲು ಹೊರುವವಳಿಗೆ ಎಲ್ಲಾದರೂ ಕೆಲಸ ಸಿಕ್ಕೀತು.

ಚಿತ್ರ ಗೋಡೆಯ ಮೇಲೇ ಇರುತ್ತದೆ. ಬೀಗದ ಕೈ ಕೊಡಲು ಹೋದಾಗ ಪಕ್ಕದ ಮನೆಯ ಶಾಲುಬಾಯಿ ಅಂದಳು: "ಕೀಲಿ ಯಾಕ ಹಾಕಬೇಕ? ಹಗಲೆಲ್ಲಾ ಬಾಗಲಾ ತೆರದಿಟ್ಟು ನಾನೇ ಕಾಯ್ತೇನಿ. ಊರ ಮಂದಿ ನೋಡ್ಲಿ."

ನೀನಿದ್ದಾಗ ನಮ್ಮ ಕೇರಿಯಲ್ಲಿ ಒಬ್ಬರಾದರೂ ಹೀಗೆ ಅಂದಿದ್ದರೆ, ಅಪ್ಪಾ.

ಮಾರ್ಥಾ