ಎಳೆ ಗೂಡು

೧೨ ಜೂನ್ ೨೦೦೬, ಸೋಮವಾರ. ಶಿಡ್ಲಘಟ್ಟ

ಆದರೂ ಹೋದೆ. ಬೇಡವೆಂದು ನಿನ್ನೆ ಅಷ್ಟೆಲ್ಲ ಬರೆದವನು, ಬೆಳಿಗ್ಗೆ ಮಾತ್ರೆ ನುಂಗಿ, ಆರು ವರ್ಷದ ಮೇಲೆ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋದೆ. ಮೊದಲಿನಂತೆ, ನೂಲು ತೆಗೆಸುವ ರೀಲರ್ ನರಸಿಂಹಮೂರ್ತಿಯವರಿಗೆ ಗೂಡು ನೋಡಿಕೊಡುವ ಕೆಲಸ.

ಗೂಡನ್ನು ಕಿವಿಯ ಬಳಿ ಅಲ್ಲಾಡಿಸಬೇಕು. ಒಳಗೆ ಹುಳ ಗಟ್ಟಿಯಾಗಿದ್ದರೆ ಟಕಟಕ ಅನ್ನುತ್ತದೆ. ನಾನು ಅಲ್ಲಾಡಿಸುವ ಮೊದಲೇ ಕೈ ತಾನಾಗಿ ನಡುಗಿತು. ಗೂಡು ತಂದ ರೈತ, "ಏನಣ್ಣ, ಗೂಡು ನೋಡ್ತಿದ್ದೀಯೋ, ಗಿಲಕಿ ಆಡಿಸ್ತಿದ್ದೀಯೋ?" ಅಂದ. ಎಲ್ಲರೂ ನಕ್ಕರು. ಮೂರ್ತಿಯವರೂ ನಕ್ಕು ನನಗೆ, "ಹೋಗ್ಲಿ ಬಿಡಪ್ಪ ಮುನಿಶಾಮಪ್ಪ, ನಾಳೆಯಿಂದ ಹೆಂಗಸ್ರ ಜೊತೆ ಕೂತು ಕೆಟ್ಟ ಗೂಡು ಬೇರೆ ಮಾಡೀವಂತೆ" ಅಂದರು.

ಆರು ವರ್ಷ ಹಾಸಿಗೆ ಹಿಡಿದ ಹೆಂಡತಿ ಅಕ್ಕಯ್ಯಮ್ಮನನ್ನು ಮಗ್ಗುಲು ಬದಲಾಯಿಸಿದ್ದು ಇದೇ ಕೈ. ಆಗ ನಡುಗಲಿಲ್ಲ. ಅವಳು ತೀರಿಕೊಂಡ ಮೇಲೆ ಶುರುವಾಯಿತು. ಡಾಕ್ಟರು ಆಂಗ್ಸೈಟಿ, ಆತಂಕದ ಕಾಯಿಲೆ ಅಂದರು. ಧೈರ್ಯವಂತ ಯಾರೆಂದು ಕಾಲೇಜಿನಲ್ಲಿ ಇಂಗ್ಲಿಷ್ ಬಾಯಿಪಾಠ ಮಾಡಿದ್ದೆ, "ಎ ಮ್ಯಾನ್ ಆಫ್ ಕರೇಜ್ ಈಸ್..." ಮುಂದೆ ಏನೋ, ಮರೆತಿದೆ.

ಕಿವಿ ಮಾತ್ರ ಸರಿಯಾಗಿಯೇ ಇದೆ. ಕೈ ಅಷ್ಟು ನಡುಗಿದರೂ ಆ ರೈತನ ಗೂಡಿನಲ್ಲಿ ಸದ್ದೇ ಇರಲಿಲ್ಲ. ಹುಳ ಗಟ್ಟಿಯಾಗುವ ಎರಡು ದಿನ ಮೊದಲೇ ಬಿಡಿಸಿ ತಂದ ಎಳೆ ಗೂಡು. ಮೂಟೆಯಲ್ಲಿ ಹುಳ ಒಡೆದು ಒಳ್ಳೆಯ ಗೂಡಿಗೂ ಅದರ ರಸದ ಕರೆ ಹತ್ತುತ್ತದೆ. ನಾನು ಬಾಯಿ ಬಿಡಲಿಲ್ಲ. ಮೂರ್ತಿಯವರು ಅದನ್ನೇ ಕೊಂಡರು. ನಾಳೆ ಆ ಕರೆಗೂಡು ಆರಿಸುವವನೂ ನಾನೇ.

ಹೆದರಿ ಸುಮ್ಮನಿದ್ದೆ ಎಂದು ಬರೆಯಲು ಕೂತೆ. ಅದು ಸುಳ್ಳು. ಸಿಟ್ಟಿಗೆ ಸುಮ್ಮನಿದ್ದೆ. ಮೂರ್ತಿಯವರ ಮನೆ ಎರಡು ಬೀದಿ ಆಚೆ. ಈಗಲೇ ಎದ್ದು ಹೋಗಿ ಹೇಳಿ ಮೂಟೆ ಬಿಚ್ಚಿ ಹರಡಿಸಿದರೆ ಅರ್ಧವಾದರೂ ಉಳಿಯುತ್ತದೆ. ಬೆಳಕು ಹೋಗುತ್ತಿದೆ, ಅಕ್ಷರ ಕಾಣಿಸುತ್ತಿಲ್ಲ. ನಾನಂತೂ ಏಳುತ್ತಿಲ್ಲ.