ಮೆಟ್ಟಿಲ ಕೆಳಗಿನ ಖಾಲಿ ಜಾಗ

ಬೈಕುಲ್ಲಾ, ಮುಂಬಯಿ
18 ಜನವರಿ 2025

ಸೋನಾಲಿಗೆ,

ಈ ಸಂಕ್ರಾಂತಿಗೆ ಕುಸುರೆಳ್ಳು ಕಳಿಸಲಿಲ್ಲ. ಅದನ್ನು ಕೊಟ್ಟ ಮೇಲೆ ಒಳ್ಳೆಯ ಮಾತಾಡಬೇಕು, ನನಗೆ ಆ ಮನಸ್ಸಿಲ್ಲ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೆ ಗೋರೆಗಾಂವಿಗೆ, ನಿನ್ನ ಮಾಮನ ಮನೆಗೆ ಬರೆಯುತ್ತಿದ್ದೇನೆ. ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ. ಹಿಡಿಯಲಿ.

ದಸರೆಯ ನಂತರ ನೀನು ಕಾಲೇಜಿನ ಎಂಟು ಜನರನ್ನು ಕಟ್ಟಿಕೊಂಡು ನಮ್ಮ ಚಾಳಿಗೆ ಬಂದೆ. ಹಳೆಯ ಚಾಳಿನ ಕಟ್ಟಡಕ್ಕೆ ಮರುಜೀವ ಕೊಡುವ ಪ್ರಾಜೆಕ್ಟಂತೆ. ಅವರೆದುರು ನನ್ನನ್ನು ಆಂಟಿ ಎಂದೆ. ಪಕ್ಕದ ಭಾಗವ್ವ "ಸೋನಿ, ಯಾವಾಗ ಬಂದಿ" ಎನ್ನುವಷ್ಟರಲ್ಲಿ ನಾನೇ ಕಣ್ಸನ್ನೆ ಮಾಡಿ ಸುಮ್ಮನಿರಿಸಿದೆ. ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ನಿನ್ನ ಗೆಳತಿ ಪ್ರಣೀತಾ ಮಕ್ಕಳೆಷ್ಟು ಎಂದು ಹಿಂದಿಯಲ್ಲಿ ಕೇಳಿದಳು. ನಿನ್ನ ಮುಖ ನೋಡಿದೆ. ನೀನು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದೆ. ಒಬ್ಬಳಿದ್ದಾಳೆ, ದೂರದಲ್ಲಿ ಓದುತ್ತಾಳೆ ಎಂದು ನಾನೇ ಹೇಳಿದೆ. ಹೋಗುವಾಗ ನೀನು ಹಿಂದೆ ಉಳಿದು "ಅವ್ವಾ, ಮಾರ್ಕ್ಸ್ ಸಲುವಾಗಿ ಅಷ್ಟ" ಅಂದೆ. ನಾನು ನುಂಗಿಕೊಂಡೆ.

ಆ ಅಳತೆಯಿಂದ ನೀನು ಬರೆದ ನಕಾಶೆಯನ್ನು ಮಾತ್ರ ನುಂಗಲಾರೆ. ಅದನ್ನಿಟ್ಟ ಬಾಂದ್ರಾದ ಪ್ರದರ್ಶನಕ್ಕೆ ನೀನು ಕರೆಯಲಿಲ್ಲ. ದಾದರಿನಲ್ಲಿ ಲೋಕಲ್ ಬದಲಿಸಿ ನಾನೇ ಬಂದು ನೋಡಿದೆ, ಅದಕ್ಕೆ ಬಹುಮಾನದ ಚೀಟಿ ಅಂಟಿಸಿದ್ದರು. ಮೆಟ್ಟಿಲ ಕೆಳಗೆ, ನನ್ನ ಒಲೆ ಇರುವಲ್ಲಿ, 'ಖಾಲಿ ಜಾಗ' ಎಂದು ನೀನು ಬರೆದಿದ್ದೆ. ಪಕ್ಕದ ಚಿತ್ರದಲ್ಲಿ ಅಲ್ಲೇ ಹೂಕುಂಡ, ಓದುವ ಕಟ್ಟೆ. ನನ್ನ ಹಸಿರು ಸೀರೆ ಉಟ್ಟ ಯಾವಳೋ ಅಲ್ಲಿ ಕೂತು ಪುಸ್ತಕ ಓದುತ್ತಿದ್ದಳು.

ನಿನ್ನ ಜೊತೆಯವರು ಚಾಳಿಗೆ ಬಂದದ್ದು ಮಧ್ಯಾಹ್ನ. ಒಲೆ ಆರಿತ್ತು, ರೊಟ್ಟಿಯ ಹಂಚು ಮೂಲೆಗೆ ಒರಗಿತ್ತು, ಅವರಿಗೆ ತಿಳಿಯಲಿಲ್ಲ. ನಿನಗೆ? ನಿನ್ನಪ್ಪ ತೀರಿಕೊಂಡಾಗಿನಿಂದ ಮಾರ್ಕೆಟ್ಟಿನ ಖಾನಾವಳಿಗಳಿಗೆ ಅಲ್ಲೇ ರೊಟ್ಟಿ ಬಡಿಯುತ್ತಿದ್ದೇನೆ. ಆ ಸಪ್ಪಳಕ್ಕೇ ಏಳುತ್ತಿದ್ದವಳು ನೀನು. ಒಲೆ ತೋರಿಸಿದರೆ ಅದರ ಮುಂದೆ ಕೂರುವವಳು ಯಾರು ಎಂದು ಕೇಳುತ್ತಾರೆ, ಅದಕ್ಕೆ ನೀನು ಅಳಿಸಿದೆ. ಉಂಡ ಮನೆಯ ಜಂತಿ ಎಣಿಸುವವರನ್ನು ಕಂಡಿದ್ದೆ. ಎಣಿಸಿ ಬಹುಮಾನ ತೆಗೆದುಕೊಂಡವಳನ್ನು ಈಗಲೇ ಕಂಡದ್ದು.

ಚಾಳಿನ ಮಾಲೀಕರ ಮಗ ಹಿತೇಶ್ ಆ ನಕಾಶೆಯನ್ನು ದೊಡ್ಡದಾಗಿ ಮಾಡಿಸಿ ಗೇಟಿಗೆ ಅಂಟಿಸಿದ್ದಾನೆ. "ನಿನ್ನ ಮಗಳೇ ಖಾಲಿ ಎಂದು ಬರೆದ ಮೇಲೆ ನಿನ್ನದೇನು ತಕರಾರು, ಬಾಯಿ?" ಎಂದು ನಗುತ್ತಾನೆ. ಇಪ್ಪತ್ತಾರಕ್ಕೆ ಝಂಡಾ ಹಾರಿಸಿದ ಮೇಲೆ ಚಾಳಿನ ಮೀಟಿಂಗು. ಅಂದೇ ಒಲೆ ಕೀಳಿಸುತ್ತಾನಂತೆ. ಈ ವಯಸ್ಸಿನಲ್ಲಿ ನನಗೆ ಬೇರೆ ಕೆಲಸ ಬರುವುದಿಲ್ಲ.

ಮೀಟಿಂಗಿಗೆ ಬಾ. ಒಬ್ಬಳೇ ಬರಬೇಡ, ಆ ಪ್ರಣೀತಾಳನ್ನೂ ನಿನ್ನ ಸರ್ ಅವರನ್ನೂ ಕರೆದುಕೊಂಡು ಬಾ. ಜಾಗ ಖಾಲಿಯಿರಲಿಲ್ಲ, ಬೇಕೆಂದೇ ಸುಳ್ಳು ಬರೆದೆ ಎಂದು ಅವರೆದುರು ಹೇಳು. ಹೇಳಲಾಗದಿದ್ದರೆ ಈ ಚಾಳಿನ ಮೆಟ್ಟಿಲು ಮತ್ತೆ ಹತ್ತಬೇಡ.

ಇತಿ,
ನಿನ್ನ ನಕಾಶೆಯಲ್ಲಿ ಇಲ್ಲದ
ರಾಚವ್ವ

ಮರೆತದ್ದು: ಲಕೋಟೆಯ ಮೇಲೆ ಮಾಮನ ವಿಳಾಸ ಬರೆಯುವಾಗ ಕೈ ನಿಂತಿತು. ಕಾಲೇಜಿನ ಫಾರಮ್ಮಿನಲ್ಲೂ ಇದೇ ವಿಳಾಸ ಬರೆಸಿದವಳು ನಾನು. ರೊಟ್ಟಿ ಮಾರುವವಳ ಮಗಳೆಂದು ಅಲ್ಲಿ ಯಾರಿಗೂ ಹೇಳಬೇಡ ಎಂದು ನನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿದ್ದೂ ನಾನೇ. ನೀನು ಬೇಡ ಎಂದು ಅತ್ತಿದ್ದೆ. ಇಪ್ಪತ್ತಾರಕ್ಕೆ ಆ ಆಣೆ ಮುರಿ. ನನಗೇನೂ ಆಗುವುದಿಲ್ಲ.